ಒಟಿಟಿಯಲ್ಲಿ ಕನ್ನಡಕ್ಕೆ ಪಾಲು ಕೇಳುವುದು ಹೇಗೆ: ಸರ್ಕಾರಕ್ಕೆ ಅಹವಾಲು ಬರೆಯುವವರಿಗೊಂದು ಕೈಪಿಡಿ

‘ಒಟಿಟಿ ಕಂಪನಿಗಳು ಕನ್ನಡವನ್ನು ಕಡೆಗಣಿಸುತ್ತಿವೆ, ಸರ್ಕಾರ ಕೂಡಲೇ ಕ್ರಮ ಕೈಗೊಳ್ಳಬೇಕು’ ಎಂಬ ಧಾಟಿಯ ಮನವಿಪತ್ರಗಳು ಸಾಮಾನ್ಯವಾಗಿ ಹೋದ ಪುಟ್ಟ ಬಂದ ಪುಟ್ಟ ಆಗುತ್ತವೆ. ಅಧಿಕಾರಿಯ ಅಸಡ್ಡೆಯೊಂದೇ ಇದಕ್ಕೆ ಕಾರಣವಲ್ಲ. ಯಾವ ಕಾನೂನಿನ ಯಾವ ಕಲಂ ತಿದ್ದಬೇಕು, ಎಷ್ಟು ಪ್ರಮಾಣ ಬೇಕು, ಅದನ್ನು ಅಳೆಯುವವರು ಯಾರು ಎಂಬುದು ಪತ್ರದಲ್ಲಿ ಇಲ್ಲದಿದ್ದರೆ ಕಡತದ ಮೇಲೆ ಟಿಪ್ಪಣಿ ಬರೆಯಲು ಅವರಿಗೆ ಏನೂ ಸಿಗುವುದಿಲ್ಲ. ಕಲಾವಿದರ ಸಂಘವಿರಲಿ, ಸಣ್ಣ ನಿರ್ಮಾಪಕರ ಗುಂಪಿರಲಿ, ನಾಲ್ಕು ಜನ ಪ್ರೇಕ್ಷಕರೇ ಇರಲಿ, ಉತ್ತರ ಕೊಡಲೇಬೇಕಾದಂಥ ಅಹವಾಲು ಸಿದ್ಧಮಾಡುವ ಕ್ರಮ ಇದು.

ಮೊದಲು ಬಾಗಿಲು ಗೊತ್ತುಮಾಡಿಕೊಳ್ಳಿ

ಹೆಚ್ಚಿನ ಅಹವಾಲುಗಳು ಎಡವುವುದು ಇಲ್ಲೇ. ಸಂವಿಧಾನದ ಏಳನೇ ಅನುಸೂಚಿಯಲ್ಲಿ ಪ್ರಸಾರ ಮತ್ತು ಅಂಥ ಇತರ ಸಂವಹನ ಮಾಧ್ಯಮಗಳು ಕೇಂದ್ರ ಪಟ್ಟಿಯ 31ನೇ ನಮೂದಿನಲ್ಲಿವೆ. 2020ರ ನವೆಂಬರಿನಲ್ಲಿ ಒಟಿಟಿಯನ್ನು ಕೇಂದ್ರದ ವಾರ್ತಾ ಮತ್ತು ಪ್ರಸಾರ ಸಚಿವಾಲಯಕ್ಕೆ ಒಪ್ಪಿಸಲಾಯಿತು. ಆದ್ದರಿಂದ ಕ್ಯಾಟಲಾಗಿನಲ್ಲಿ, ಅಂದರೆ ವೇದಿಕೆಯಲ್ಲಿ ಸಿಗುವ ಸಿನಿಮಾ, ಸರಣಿಗಳ ಪಟ್ಟಿಯಲ್ಲಿ, ಕನ್ನಡಕ್ಕೆ ಇಂತಿಷ್ಟು ಪಾಲಿರಬೇಕು, ಮೊದಲ ಪರದೆಯಲ್ಲೇ ಕನ್ನಡ ಕಾಣಬೇಕು ಎಂಬ ಬೇಡಿಕೆಗಳೆಲ್ಲ ದೆಹಲಿಗೆ ಹೋಗಬೇಕಾದವು. ಅವನ್ನು ಬೆಂಗಳೂರಿನಲ್ಲಿ ಮಂತ್ರಿಗಳ ಕೈಗಿತ್ತರೆ ಕೊನೆಗೆ ಉಳಿಯುವುದು ಫೋಟೊ ಮಾತ್ರ.

ರಾಜ್ಯದ ಕೈಯಲ್ಲಿ ಏನಿದೆ? ರಾಜ್ಯ ಪಟ್ಟಿಯ 33ನೇ ನಮೂದಿನ ಪ್ರಕಾರ ಚಿತ್ರಮಂದಿರ, ನಾಟಕ, ಮನರಂಜನೆ ರಾಜ್ಯದ ವಿಷಯ. ಆದರೆ ರಾಜ್ಯದ ಮನರಂಜನಾ ತೆರಿಗೆ 2017ರಲ್ಲಿ ಜಿಎಸ್‌ಟಿಯೊಳಗೆ ಸೇರಿಹೋಯಿತು. ಈಗ ಪಂಚಾಯಿತಿ, ನಗರಸಭೆಯಂಥ ಸ್ಥಳೀಯ ಸಂಸ್ಥೆಗಳಷ್ಟೇ ಅದನ್ನು ವಿಧಿಸಬಹುದು. ಉಳಿದದ್ದು ಕಾರ್ಮಿಕ ಕಲ್ಯಾಣದ ದಾರಿ. ಅದು ಸಮವರ್ತಿ ಪಟ್ಟಿಯಲ್ಲಿರುವುದರಿಂದ ಕೇಂದ್ರ, ರಾಜ್ಯ ಎರಡಕ್ಕೂ ಅಧಿಕಾರವಿದೆ. 2024ರ ಜುಲೈನಲ್ಲಿ ವಿಧಾನಮಂಡಲ ಅಂಗೀಕರಿಸಿದ ಸಿನಿ ಮತ್ತು ಸಾಂಸ್ಕೃತಿಕ ಕಾರ್ಯಕರ್ತರ ಕ್ಷೇಮಾಭಿವೃದ್ಧಿ ಕಾನೂನು ವಾರ್ತಾ ಇಲಾಖೆಯಿಂದ ಬಾರದೆ ಕಾರ್ಮಿಕ ಇಲಾಖೆಯಿಂದ ಬಂದದ್ದು ಏಕೆಂದು ಇದರಿಂದ ತಿಳಿಯುತ್ತದೆ. ಸಿನಿಮಾ ಟಿಕೆಟ್, ಚಂದಾ ಶುಲ್ಕ ಮತ್ತು ಸಂಬಂಧಿಸಿದ ಸಂಸ್ಥೆಗಳ ಆದಾಯದ ಮೇಲೆ ಶೇ 1ಕ್ಕಿಂತ ಕಡಿಮೆಯಿಲ್ಲದ, ಶೇ 2 ಮೀರದ ಸೆಸ್ ಹಾಕಿ, ಆ ಹಣವನ್ನು ಕಲಾವಿದರ ಕಲ್ಯಾಣ ಮಂಡಳಿಗೆ ಕೊಡುವುದು ಅದರ ತಿರುಳು. ಈ ಬಾಗಿಲಿನಲ್ಲಿ ಕೇಳಬಹುದಾದ್ದು ದರ, ವಸೂಲಿಯ ವಿಧಾನ, ಫಲಾನುಭವಿಗಳು ಯಾರು, ಮಂಡಳಿಯಲ್ಲಿ ಯಾರಿರಬೇಕು ಎಂಬಷ್ಟು. ಕ್ಯಾಟಲಾಗಿನ ಮಾತನ್ನು ಇಲ್ಲಿಗೆ ತರಬೇಡಿ.

ಚಿತ್ರಮಂದಿರದ ಬಾಗಿಲು ಇನ್ನೊಂದು, ಅದು ಒಳಾಡಳಿತ ಇಲಾಖೆಯದ್ದು. ಟಿಕೆಟ್ ದರಕ್ಕೆ 200 ರೂಪಾಯಿ ಮಿತಿ ಹಾಕುವ ಕರಡು 2025ರ ಜುಲೈನಲ್ಲಿ ಬಂದಾಗ ಆಕ್ಷೇಪಣೆಗೆ ಸಿಕ್ಕದ್ದು 15 ದಿನ. ಸೆಪ್ಟೆಂಬರ್ 12ರಂದು ಅಂತಿಮ ಅಧಿಸೂಚನೆ ಹೊರಬಿತ್ತು, ಅದೇ ತಿಂಗಳ 23ರಂದು ಹೈಕೋರ್ಟ್ ಮಧ್ಯಂತರ ತಡೆ ಕೊಟ್ಟಿತು. ಮನರಂಜನೆಯ ಮೇಲೆ ರಾಜ್ಯ ಯಾವ ನಿಯಮ ತಂದರೂ ಅದು ನ್ಯಾಯಾಲಯದ ಮೆಟ್ಟಿಲು ಹತ್ತುತ್ತದೆ ಎಂದುಕೊಂಡೇ ಬರೆಯಬೇಕು.

ಕೇಂದ್ರದ 2021ರ ಐಟಿ (ಮಾಹಿತಿ ತಂತ್ರಜ್ಞಾನ) ನಿಯಮಗಳಂತೆ ಒಟಿಟಿ ಕಂಪನಿ ನೇಮಿಸುವ ಕುಂದುಕೊರತೆ ಅಧಿಕಾರಿಗೆ ದೂರು ಕೊಡುವ ಸಲಹೆಯೂ ಆಗಾಗ ಕೇಳಿಬರುತ್ತದೆ. ಆ ನಿಯಮಗಳ ಮೂರು ಹಂತದ ದೂರು ವ್ಯವಸ್ಥೆ ಇರುವುದು ವಯೋಮಿತಿ, ಆಕ್ಷೇಪಾರ್ಹ ದೃಶ್ಯದಂಥ ನೀತಿಸಂಹಿತೆಯ ವಿಷಯಗಳಿಗೆ. ‘ಕನ್ನಡ ಕಡಿಮೆ ಇದೆ’ ಎಂಬ ದೂರು ಅದರ ವ್ಯಾಪ್ತಿಗೆ ಬರುವುದಿಲ್ಲ. ಅಲ್ಲಿ ಹದಿನೈದು ದಿನ ಕಾಯುವುದು ದಂಡ.

ಎಣಿಕೆ: ಇದಿಲ್ಲದೆ ಮಿಕ್ಕದ್ದೆಲ್ಲ ಹೊಳೆಯಲ್ಲಿ ಹುಣಸೆಹಣ್ಣು ತೊಳೆದಂತೆ

ಮೂರು ವೇದಿಕೆಗಳನ್ನು ಆರಿಸಿಕೊಳ್ಳಿ: ಒಂದು ಜಾಗತಿಕ, ಒಂದು ಭಾರತದ ದೊಡ್ಡದು, ಒಂದು ದಕ್ಷಿಣದ ಭಾಷೆಗಳದ್ದು. ಎಲ್ಲವನ್ನೂ ಎಣಿಸುವ ಹುಮ್ಮಸ್ಸು ಬೇಡ. ಮೂರನ್ನು ಸರಿಯಾಗಿ ಎಣಿಸಿದರೆ ಸಾಕು. ಒಂದೊಂದು ಶೀರ್ಷಿಕೆಗೂ ಸ್ಪ್ರೆಡ್‌ಶೀಟಿನಲ್ಲಿ ಒಂದು ಸಾಲು ಇರಲಿ. ಅದರಲ್ಲಿ ಹೆಸರು, ವರ್ಷ, ಮೂಲ ಭಾಷೆ, ಲಭ್ಯವಿರುವ ಆಡಿಯೊ ಭಾಷೆಗಳು, ಸಿನಿಮಾವೋ ಸರಣಿಯೋ, ಚಂದಾದೊಳಗೇ ಸಿಗುತ್ತದೆಯೋ ಬಾಡಿಗೆ ಬೇರೆ ಕೊಡಬೇಕೋ, ನೋಡಿದ ದಿನಾಂಕ, ಸ್ಕ್ರೀನ್‌ಶಾಟ್ ಕಡತದ ಹೆಸರು, ಇಷ್ಟು ಕಾಲಂ ಬೇಕು.

ಎಣಿಕೆಯನ್ನೆಲ್ಲ ಒಂದೇ ವಾರದೊಳಗೆ ಮುಗಿಸಿ. ಪರವಾನಗಿ ಮುಗಿದ ಸಿನಿಮಾಗಳು ತಿಂಗಳ ಕೊನೆಯಲ್ಲಿ ಕಾಣೆಯಾಗುತ್ತವೆ, ಹೊಸವು ಬರುತ್ತವೆ. ಹದಿನೈದು ದಿನ ಎಳೆದರೆ ಪಟ್ಟಿಯ ತಲೆಗೂ ಬಾಲಕ್ಕೂ ಹೊಂದಿಕೆ ಇರುವುದಿಲ್ಲ. ಒಂದೇ ಪಟ್ಟಿಯನ್ನು ಇಬ್ಬರು ಬೇರೆಬೇರೆಯಾಗಿ ಮಾಡಿ ತಾಳೆ ನೋಡಬೇಕು. ವ್ಯತ್ಯಾಸ ಬಂದ ಸಾಲುಗಳನ್ನು ಮೂರನೆಯವರು ತೀರ್ಮಾನಿಸಲಿ.

ಅತಿ ದೊಡ್ಡ ತಪ್ಪು ಆಗುವುದು ಭಾಷೆಯ ಫಿಲ್ಟರ್ ನಂಬುವುದರಿಂದ. ‘ಕನ್ನಡ’ ಎಂದು ಹುಡುಕಿದರೆ ಬರುವ ಪಟ್ಟಿಯಲ್ಲಿ ಕನ್ನಡ ಆಡಿಯೊ ಇರುವುದೆಲ್ಲ ಸೇರಿರುತ್ತದೆ. ತೆಲುಗಿನಿಂದಲೋ ಹಿಂದಿಯಿಂದಲೋ ಇಂಗ್ಲಿಷಿನಿಂದಲೋ ಡಬ್ ಆದವು ಅದರಲ್ಲಿ ಬೆರೆತಿರುತ್ತವೆ. ಅದನ್ನೇ ಎಣಿಸಿ ಕೊಟ್ಟರೆ ಕಂಪನಿಯ ವಕೀಲರು ನಿಮ್ಮ ಅಂಕಿಯನ್ನೇ ತೋರಿಸಿ ‘ಕನ್ನಡ ಸಾಕಷ್ಟಿದೆಯಲ್ಲ’ ಎನ್ನುತ್ತಾರೆ. ಸಿನಿಮಾದ ಮೂಲ ಭಾಷೆಗೆ ಗಟ್ಟಿ ಆಧಾರವೆಂದರೆ ಸೆನ್ಸಾರ್ ಮಂಡಳಿಯ ಪ್ರಮಾಣಪತ್ರ. ಡಬ್ ಆದ ಆವೃತ್ತಿಗೆ ಪ್ರತ್ಯೇಕ ಪ್ರಮಾಣಪತ್ರ ಇರುತ್ತದೆ. ವೆಬ್ ಸರಣಿಗಳಿಗೆ ಅದಿಲ್ಲ. ಅಲ್ಲಿ ಮುಕ್ತಾಯದ ಹೆಸರುಪಟ್ಟಿಯಲ್ಲಿ ಸಂಭಾಷಣೆ ಬರೆದವರು, ಡಬ್ಬಿಂಗ್ ನಿರ್ದೇಶಕರು ಯಾರಿದ್ದಾರೆ ನೋಡಿದರೆ ಗೊತ್ತಾಗುತ್ತದೆ.

ಸರಣಿಯನ್ನು ಎಣಿಸುವ ಲೆಕ್ಕಕ್ಕೆ ಐರೋಪ್ಯ ಒಕ್ಕೂಟದ 2020ರ ಮಾರ್ಗಸೂಚಿಯನ್ನೇ ಇಟ್ಟುಕೊಳ್ಳುವುದು ಒಳ್ಳೆಯದು. ಒಂದು ಸೀಸನ್ ಅಂದರೆ ಒಂದು ಶೀರ್ಷಿಕೆ. ಕಂತುಗಳನ್ನು ಎಣಿಸಿದರೆ ಒಂದೇ ಧಾರಾವಾಹಿ ಇಡೀ ಲೆಕ್ಕವನ್ನು ಬುಡಮೇಲು ಮಾಡುತ್ತದೆ.

ಕ್ಯಾಟಲಾಗಿನಲ್ಲಿ ಇರುವುದು ಬೇರೆ, ಕಣ್ಣಿಗೆ ಬೀಳುವುದು ಬೇರೆ. ಎರಡನೆಯದನ್ನು ಅಳೆಯಲು ಹೊಸ ಪ್ರೊಫೈಲ್ ತೆರೆದು, ಏನನ್ನೂ ನೋಡದೆ, ಮೊದಲ ಪರದೆಯ ಮೇಲಿನ 10 ಸಾಲುಗಳಲ್ಲಿ ತಲಾ 6 ಚಿತ್ರಪಟಗಳನ್ನು, ಅಂದರೆ 60ನ್ನು, ಬರೆದುಕೊಳ್ಳಿ. ಅದರಲ್ಲಿ ಮೂಲ ಕನ್ನಡ ಎಷ್ಟು, ಡಬ್ ಎಷ್ಟು? ಇದನ್ನೇ ಮೊಬೈಲ್, ಟಿವಿ, ಕಂಪ್ಯೂಟರ್ ಮೂರರಲ್ಲೂ, ಬೇರೆಬೇರೆ ಖಾತೆಯ ಕನಿಷ್ಠ ಐದು ಹೊಸ ಪ್ರೊಫೈಲ್‌ಗಳಲ್ಲಿ ಮಾಡಿ. ದಿನಾ ಕನ್ನಡ ನೋಡುವವರ ಪ್ರೊಫೈಲ್ ಬಳಸಿದರೆ ಕನ್ನಡವೇ ತುಂಬಿರುತ್ತದೆ, ಆ ಅಂಕಿಗೆ ಬೆಲೆಯಿಲ್ಲ. ಪ್ರೊಫೈಲಿನ ಭಾಷೆ ಇಂಗ್ಲಿಷ್ ಇದ್ದಾಗ ಒಮ್ಮೆ, ಕನ್ನಡಕ್ಕೆ ಬದಲಿಸಲು ಸಾಧ್ಯವಿದ್ದರೆ ಇನ್ನೊಮ್ಮೆ ಎಣಿಸಿ. ಬದಲಿಸಲು ಅವಕಾಶವೇ ಇಲ್ಲದಿದ್ದರೆ ಅದನ್ನೂ ಬರೆದುಕೊಳ್ಳಿ, ಅಹವಾಲಿನಲ್ಲಿ ಅದಕ್ಕೇ ಒಂದು ಸಾಲು ಕೊಡಬಹುದು.

‘ಕನ್ನಡ ಕೃತಿ’ ಅಂದರೆ ಏನು?

ವ್ಯಾಖ್ಯೆ ಬರೆಯದೆ ಪಾಲು ಕೇಳಿದರೆ ಕಂಪನಿಗಳು ತಮಗೆ ಅನುಕೂಲವಾದ ವ್ಯಾಖ್ಯೆ ಬರೆದುಕೊಳ್ಳುತ್ತವೆ. ಕೆನಡಾ ದೀರ್ಘಕಾಲ ಬಳಸಿದ ಅಂಕಪದ್ಧತಿ ಇದಕ್ಕೊಂದು ಮಾದರಿ. ಒಟ್ಟು 10 ಅಂಕ. ನಿರ್ದೇಶಕರಿಗೆ 2, ಚಿತ್ರಕಥೆಗೆ 2, ಇಬ್ಬರು ಮುಖ್ಯ ನಟರಿಗೆ ತಲಾ 1, ಕಲಾ ನಿರ್ದೇಶನ, ಛಾಯಾಗ್ರಹಣ, ಸಂಗೀತ, ಸಂಕಲನಕ್ಕೆ ತಲಾ 1. ಕನಿಷ್ಠ 6 ಬಂದರೆ ಕೃತಿ ಆ ದೇಶದ್ದು. ಅಲ್ಲಿ ಅಳತೆಗೋಲು ಪೌರತ್ವ, ನಮಗೆ ಅದು ಹೊಂದುವುದಿಲ್ಲ. ನಮ್ಮ ಸಲಹೆ ಹೀಗೆ: ಮೂಲ ಸಂಭಾಷಣೆಯ ಬಹುಪಾಲು ಕನ್ನಡದಲ್ಲಿ ಅಥವಾ ಕರ್ನಾಟಕದ ಇತರ ಭಾಷೆಯಲ್ಲಿ ಇರುವುದು ಕಡ್ಡಾಯ ಷರತ್ತು. ಆ ಮೇಲೆ, ಕರ್ನಾಟಕದಲ್ಲಿ ನೆಲೆಸಿ ದುಡಿಯುವ ತಂತ್ರಜ್ಞರು, ಕಲಾವಿದರಿಗೆ ಅಂಕ.

‘ಕರ್ನಾಟಕದ ಇತರ ಭಾಷೆ’ ಎಂಬ ಮಾತನ್ನು ಬಿಡಬೇಡಿ. ಅದಿಲ್ಲದೆ ತುಳು, ಕೊಡವ, ಕೊಂಕಣಿ, ಬ್ಯಾರಿ ಸಿನಿಮಾಗಳು ಯಾರ ಲೆಕ್ಕಕ್ಕೂ ಸಿಗದೆ ಹೋಗುತ್ತವೆ. ಏಕಕಾಲದಲ್ಲಿ ಎರಡು ಭಾಷೆಯಲ್ಲಿ ಚಿತ್ರೀಕರಿಸಿದ ಸಿನಿಮಾಗಳಿಗೆ ಅರ್ಧ ಎಣಿಕೆಯೋ ಪೂರ್ಣವೋ ಎಂಬುದನ್ನೂ ನೀವೇ ಹೇಳಿಬಿಡಿ. ಯಕ್ಷಗಾನ, ರಂಗಪ್ರಯೋಗ, ಸಂಗೀತ ಕಛೇರಿಯ ಧ್ವನಿದೃಶ್ಯ ಮುದ್ರಣಗಳು ಸೇರುತ್ತವೆಯೇ ಎಂಬುದನ್ನೂ. ಕಾನೂನು ಸಿನಿಮಾವನ್ನಷ್ಟೇ ಕಂಡರೆ ‘ಸಾಂಸ್ಕೃತಿಕ ಕಾರ್ಯಕರ್ತರು’ ಎಂಬ ಪದ ಶೀರ್ಷಿಕೆಯಲ್ಲೇ ಉಳಿಯುತ್ತದೆ.

ಡಬ್ಬಿಂಗಿನ ವಿಚಾರದಲ್ಲಿ ನಿಷೇಧದ ಭಾಷೆ ಬೇಡವೇ ಬೇಡ. ಡಬ್ ಆದ ಚಿತ್ರಗಳನ್ನು ತಡೆದದ್ದು ಸ್ಪರ್ಧೆಗೆ ವಿರುದ್ಧ ಎಂದು ಭಾರತೀಯ ಸ್ಪರ್ಧಾ ಆಯೋಗ 2015ರಲ್ಲೇ ಹೇಳಿ ಕರ್ನಾಟಕ ಚಲನಚಿತ್ರ ವಾಣಿಜ್ಯ ಮಂಡಳಿ ಸೇರಿದಂತೆ ಉದ್ಯಮದ ಸಂಸ್ಥೆಗಳಿಗೆ ದಂಡ ಹಾಕಿದೆ. ‘ಡಬ್ ಆವೃತ್ತಿಗಳು ಬರಲಿ, ಆದರೆ ಪಾಲಿನ ಲೆಕ್ಕಕ್ಕೆ ಸೇರದಿರಲಿ’ ಎಂದರೆ ಕೆಲಸವೂ ಆಗುತ್ತದೆ, ಆಯೋಗದ ತಂಟೆಯೂ ಇರುವುದಿಲ್ಲ.

ಏನನ್ನು ಕೇಳಬೇಕು

ನಾಲ್ಕು ಬಗೆಯ ಸಾಧನಗಳಿವೆ: ಕ್ಯಾಟಲಾಗಿನಲ್ಲಿ ಪಾಲು, ಹೂಡಿಕೆಯ ಹೊಣೆ, ಎದ್ದು ಕಾಣುವ ಸ್ಥಾನ, ಮಾಹಿತಿ ಬಹಿರಂಗ. ನಾಲ್ಕನ್ನೂ ಒಟ್ಟಿಗೆ ಕೇಳಿದರೆ ನಾಲ್ಕೂ ಸಿಗುವುದಿಲ್ಲ.

ಪಾಲಿನ ವಿಷಯದಲ್ಲಿ ಯುರೋಪಿನ ಉದಾಹರಣೆಯನ್ನು ಎಲ್ಲರೂ ಎತ್ತುತ್ತಾರೆ. 2018ರ ನಿರ್ದೇಶನದಂತೆ ಕ್ಯಾಟಲಾಗಿನ ಶೇ 30 ಐರೋಪ್ಯ ಕೃತಿಗಳಿರಬೇಕು. ಅದನ್ನು ಹಾಗೇ ಇಲ್ಲಿಗೆ ತಂದು ‘ಶೇ 30 ಭಾರತೀಯ ಕೃತಿಗಳು’ ಎಂದರೆ ಕನ್ನಡಕ್ಕೆ ಚಿಕ್ಕಾಸೂ ಬರುವುದಿಲ್ಲ. ಹಿಂದಿಯೊಂದೇ ಆ ಶೇ 30ನ್ನು ತುಂಬಿ ತುಳುಕಿಸುತ್ತದೆ. ನಮಗೆ ಬೇಕಾದ ಮಾದರಿ ಸ್ಪೇನಿನ 2022ರ ಕಾನೂನು. ಶೇ 30ರಲ್ಲಿ ಅರ್ಧ ಸ್ಪೇನಿನ ಅಧಿಕೃತ ಭಾಷೆಗಳಲ್ಲಿರಬೇಕು. ಆ ಅರ್ಧದಲ್ಲಿ ಕನಿಷ್ಠ ಶೇ 40 ಕ್ಯಾಟಲನ್, ಬಾಸ್ಕ್, ಗ್ಯಾಲಿಷಿಯನ್‌ನಂಥ ಪ್ರಾಂತ್ಯ ಭಾಷೆಗಳಿಗೆ ಮೀಸಲು. ಹಂಚಿಕೆ ಜನಸಂಖ್ಯೆ ನೋಡಿಕೊಂಡು, ಆದರೆ ಪ್ರತಿ ಭಾಷೆಗೂ ಒಂದು ಕನಿಷ್ಠ ಪಾಲು ಉಂಟು. ಗುಣಿಸಿ ನೋಡಿದರೆ ಇಡೀ ಕ್ಯಾಟಲಾಗಿನ ಶೇ 6 ಪ್ರಾಂತ್ಯ ಭಾಷೆಗಳದ್ದು. 2011ರ ಜನಗಣತಿಯಲ್ಲಿ ಕನ್ನಡ ಮಾತೃಭಾಷೆಯವರು ಸುಮಾರು 4.37 ಕೋಟಿ. ದೇಶದ ಜನಸಂಖ್ಯೆಯಲ್ಲಿ ಇದು ಶೇ 3.6ರ ಆಸುಪಾಸು. ಭಾಷಾವಾರು ಒಳಪಾಲು ಕೇಳುವಾಗ ಈ ಅಂಕಿಯಿಂದ ಶುರುಮಾಡಿ. ಶೇ 10, ಶೇ 20 ಎಂದು ಗಾಳಿಯಲ್ಲಿ ಗುಂಡು ಹೊಡೆಯಬೇಡಿ.

ಸ್ಪೇನಿನ ಕಾನೂನಿನ ತೂತನ್ನೂ ಗಮನಿಸಬೇಕು. ಅದು ಅನ್ವಯಿಸುವುದು ಆ ದೇಶದಲ್ಲಿ ಸ್ಥಾಪಿತವಾದ ಕಂಪನಿಗಳಿಗೆ. ನೆಟ್‌ಫ್ಲಿಕ್ಸ್‌ನ ಯುರೋಪ್ ನೆಲೆ ನೆದರ್‌ಲೆಂಡ್ಸಿನಲ್ಲಿ ಇರುವುದರಿಂದ ಅದು ಈ ಪಾಲಿನ ಹೊರಗೆ ಉಳಿಯಿತು. ಆದ್ದರಿಂದ ನಿಮ್ಮ ಕಲಂನಲ್ಲಿ ‘ಭಾರತದಲ್ಲಿ ನೋಂದಾಯಿತ’ ಎಂಬ ಪದ ಬೇಡ, ‘ಭಾರತದ ವೀಕ್ಷಕರಿಗೆ ವ್ಯವಸ್ಥಿತವಾಗಿ ಸೇವೆ ಒದಗಿಸುವ’ ಎಂದಿರಲಿ. 2021ರ ನಿಯಮಗಳ ವ್ಯಾಪ್ತಿಯೂ ಹೆಚ್ಚುಕಡಿಮೆ ಹೀಗೇ ಇದೆ, ಹೊಸದೇನನ್ನೂ ಕೇಳಿದಂತಾಗುವುದಿಲ್ಲ.

ಪಾಲಿನ ಇನ್ನೊಂದು ರೋಗ ಅಗ್ಗದ ತುಂಬುವಿಕೆ. ಸಂಖ್ಯೆ ಮುಟ್ಟಿಸಲು ಹಳೆಯ ಸಿನಿಮಾಗಳನ್ನು ಸಗಟಾಗಿ ಕೊಂಡು ಯಾರಿಗೂ ಕಾಣದ ಮೂಲೆಗೆ ಸುರಿದರೆ ಕಾನೂನು ಪಾಲಿಸಿದಂತೆಯೇ ಆಗುತ್ತದೆ, ಈಗ ದುಡಿಯುತ್ತಿರುವ ಕಲಾವಿದನಿಗೆ ಮಾತ್ರ ಬಿಡಿಗಾಸು ಸಿಗುವುದಿಲ್ಲ. ಅದಕ್ಕೇ ಹೂಡಿಕೆಯ ಹೊಣೆ ಮೇಲು ಎಂಬುದು ನಮ್ಮ ಅಭಿಪ್ರಾಯ. ಫ್ರಾನ್ಸ್ 2021ರಿಂದ ಅಲ್ಲಿನ ವಹಿವಾಟಿನ ಶೇ 20ರಿಂದ 25ನ್ನು ಐರೋಪ್ಯ ಮತ್ತು ಫ್ರೆಂಚ್ ಕೃತಿಗಳಲ್ಲಿ ತೊಡಗಿಸಲು ಹೇಳುತ್ತದೆ. ಹಲವು ಭಾಷೆಗಳ ಸ್ವಿಟ್ಜರ್ಲೆಂಡ್ 2022ರ ಮೇ 15ರಂದು ಜನಮತದಿಂದ ಒಪ್ಪಿ, 2024ರ ಜನವರಿಯಿಂದ ಶೇ 4 ನಿಗದಿಮಾಡಿದೆ. ಕಂಪನಿ ಅಷ್ಟನ್ನು ಅಲ್ಲಿನ ಸಿನಿಮಾದಲ್ಲಿ ಹೂಡಬೇಕು, ಇಲ್ಲವೇ ಉಳಿದದ್ದನ್ನು ಸರ್ಕಾರಕ್ಕೆ ಕಟ್ಟಬೇಕು. ಲೆಕ್ಕ ಒಂದೇ ವರ್ಷದ್ದಲ್ಲ, ನಾಲ್ಕು ವರ್ಷದ ಸರಾಸರಿ. ಈ ಸರಾಸರಿ ಮುಖ್ಯ: ಸಿನಿಮಾ ನಿರ್ಮಾಣ ಆರ್ಥಿಕ ವರ್ಷ ನೋಡಿಕೊಂಡು ನಡೆಯುವುದಿಲ್ಲ. ‘ಹೂಡು ಇಲ್ಲವೇ ಕಟ್ಟು’ ಎಂಬ ಆಯ್ಕೆ ಇದ್ದಾಗ ಕಂಪನಿಗಳ ವಿರೋಧವೂ ಸ್ವಲ್ಪ ತಗ್ಗುತ್ತದೆ. ಕೆನಡಾ 2024ರ ಜೂನಿನಲ್ಲಿ, ಅಲ್ಲಿನ ವಾರ್ಷಿಕ ಆದಾಯ ಎರಡೂವರೆ ಕೋಟಿ ಕೆನಡಿಯನ್ ಡಾಲರ್ ಮುಟ್ಟುವ ಸ್ಟ್ರೀಮಿಂಗ್ ಸೇವೆಗಳು ಅದರ ಶೇ 5ನ್ನು ನೇರವಾಗಿ ನಿಧಿಗೆ ಕೊಡಬೇಕೆಂದಿತು. ಕಂಪನಿಗಳು ನ್ಯಾಯಾಲಯಕ್ಕೆ ಹೋದವು, ಅದೇ ಡಿಸೆಂಬರಿನಲ್ಲಿ ಪಾವತಿಗೆ ತಡೆ ಬಿತ್ತು.

ರಾಜ್ಯದ ಸೆಸ್ ಬಗ್ಗೆ ಬರೆಯುವವರು ಮೊದಲು ಕಾಗದದ ಮೇಲೆ ಲೆಕ್ಕ ಹಾಕಿ. ತಿಂಗಳಿಗೆ 199 ರೂಪಾಯಿ ಚಂದಾ ಇದ್ದರೆ ಶೇ 2 ಅಂದರೆ 3 ರೂಪಾಯಿ 98 ಪೈಸೆ. ಅದೇ ಚಂದಾ ಮೊಬೈಲ್ ರೀಚಾರ್ಜ್ ಜೊತೆ ‘ಉಚಿತ’ವಾಗಿ ಬಂದರೆ? ಸೆಸ್‌ಗೆ ಆಧಾರವಾದ ಶುಲ್ಕವೇ ಕಾಗದದ ಮೇಲೆ ಇಲ್ಲ. ಸೋರಿಕೆ ಇಲ್ಲಿಂದಲೇ. ‘ಬೇರೆ ಸೇವೆಯೊಡನೆ ಸೇರಿಸಿ ಕೊಟ್ಟ ಚಂದಾಕ್ಕೆ, ಅದೇ ಸೇವೆಯ ಬಿಡಿ ದರವನ್ನು ಅಥವಾ ಟೆಲಿಕಾಂ ಕಂಪನಿ ವೇದಿಕೆಗೆ ಕೊಟ್ಟ ಮೊತ್ತವನ್ನು ಆಧಾರವಾಗಿಡಬೇಕು’ ಎಂದು ಒಂದು ವಾಕ್ಯ ಸೇರಿಸಿ ಎಂದು ಕೇಳಿ. ಚಂದಾದಾರ ಕರ್ನಾಟಕದವನೆಂದು ಗೊತ್ತಾಗುವುದು ಹೇಗೆ ಎಂಬ ತಕರಾರಿಗೆ ಉತ್ತರ ಜಿಎಸ್‌ಟಿಯಲ್ಲೇ ಇದೆ. ಆನ್‌ಲೈನ್ ಸೇವೆಯ ಬಿಲ್ಲಿನಲ್ಲಿ ನೋಂದಣಿಯಿಲ್ಲದ ಗ್ರಾಹಕನ ರಾಜ್ಯದ ಹೆಸರು ಕಡ್ಡಾಯವಾಗಿ ಇರಬೇಕೆಂದು 2024ರ ಡಿಸೆಂಬರ್ 31ರ ಸುತ್ತೋಲೆ ಸ್ಪಷ್ಟಪಡಿಸಿದೆ. ರಾಜ್ಯವಾರು ಲೆಕ್ಕ ಕಂಪನಿಗಳ ಬಳಿ ಇರಲೇಬೇಕು.

ಇನ್ನೊಂದು ಎಚ್ಚರ: ವಸೂಲಾದ ಹಣ ಸಾಮಾನ್ಯ ಖಜಾನೆಗೆ ಹೋದರೆ ಅದು ಶುಲ್ಕವಲ್ಲ, ಮನರಂಜನೆಯ ಮೇಲಿನ ತೆರಿಗೆಯೇ ಎಂದು ವಾದಿಸುವುದು ಸುಲಭ. ಹಾಗಾಗಿ ಪ್ರತ್ಯೇಕ ನಿಧಿ, ವಾರ್ಷಿಕ ಲೆಕ್ಕಪರಿಶೋಧನೆ, ಫಲಾನುಭವಿಗಳ ಸಂಖ್ಯೆಯ ಪ್ರಕಟಣೆ ನಿಯಮದಲ್ಲೇ ಬರಲಿ ಎಂದು ಕೇಳುವುದು ಪಾರದರ್ಶಕತೆಗಷ್ಟೇ ಅಲ್ಲ, ಕಾನೂನು ಉಳಿಯುವುದಕ್ಕೂ ಬೇಕು.

ಸರ್ಕಾರದ್ದೇ ಒಟಿಟಿ ಬೇಕೆಂಬ ಬೇಡಿಕೆಯೂ ಇದೆ. ಕೇರಳ 2024ರ ಮಾರ್ಚಿನಲ್ಲಿ ಸಿಸ್ಪೇಸ್ ಆರಂಭಿಸಿತು, ನೋಡಿದ ಸಿನಿಮಾಕ್ಕಷ್ಟೇ ದುಡ್ಡು ಕೊಡುವ ಪದ್ಧತಿ. ಕರ್ನಾಟಕದ 2025–26ರ ಬಜೆಟ್ಟಿನಲ್ಲೂ ಇಂಥದ್ದರ ಘೋಷಣೆಯಾಗಿದೆ. ಒಳ್ಳೆಯದೇ. ಆದರೆ ಪ್ರೇಕ್ಷಕ ಈಗಾಗಲೇ ಕೂತಿರುವ ವೇದಿಕೆಗಳಲ್ಲಿ ಪಾಲು ಕೇಳುವುದನ್ನು ಇದರ ಹೆಸರಿನಲ್ಲಿ ಬಿಟ್ಟುಕೊಡಬಾರದು.

ಒಂದೇ ಒಂದು ಕೇಳಲು ಅವಕಾಶವಿದ್ದರೆ ಮಾಹಿತಿ ಕೇಳಿ: ಭಾಷಾವಾರು ಶೀರ್ಷಿಕೆಗಳ ಸಂಖ್ಯೆ, ಮೂಲ ಮತ್ತು ಡಬ್ ಬೇರೆಬೇರೆಯಾಗಿ, ವೀಕ್ಷಣೆಯ ಗಂಟೆಗಳು, ಹೊಸ ಕೃತಿಗಳಿಗೆ ಕೊಟ್ಟ ಮೊತ್ತ, ವರ್ಷಕ್ಕೊಮ್ಮೆ. ಕಂಪನಿಗೆ ಖರ್ಚು ಕಡಿಮೆ, ನ್ಯಾಯಾಲಯದಲ್ಲಿ ಬೀಳುವ ಸಂಭವವೂ ಕಡಿಮೆ, ಮುಂದಿನ ಎಲ್ಲ ಬೇಡಿಕೆಗೂ ಇದೇ ಅಡಿಪಾಯ. ಹಾಡು ಬರೆದವರಿಗೂ ಸಂಗೀತ ಕೊಟ್ಟವರಿಗೂ ಇದು ಉಪಯೋಗ. ಹಕ್ಕುಸ್ವಾಮ್ಯ ಕಾಯ್ದೆಯ 2012ರ ತಿದ್ದುಪಡಿಯ ನಂತರ ಸಿನಿಮಾ ಹಾಡಿನ ರಾಯಧನದ ಸಮಪಾಲನ್ನು ಅವರು ನಿರ್ಮಾಪಕರಿಗಾಗಲಿ ಆಡಿಯೊ ಕಂಪನಿಗಾಗಲಿ ಬರೆದುಕೊಡಲು ಬರುವುದಿಲ್ಲ. ಆದರೆ ಎಷ್ಟು ಸಲ ಎಲ್ಲಿ ಕೇಳಲಾಯಿತೆಂಬ ಲೆಕ್ಕವೇ ಇಲ್ಲದಿದ್ದರೆ ಸಮಪಾಲು ಯಾವುದರಲ್ಲಿ?

ಬರೆಯುವುದು, ತಲುಪಿಸುವುದು

ನಾಲ್ಕು ಪುಟ ಮೀರಬೇಡಿ. ಎಣಿಕೆಯ ಪಟ್ಟಿ ಅನುಬಂಧಕ್ಕೆ ಹೋಗಲಿ. ಮೊದಲ ಪ್ಯಾರಾದಲ್ಲೇ ನೀವು ಪ್ರತಿಕ್ರಿಯಿಸುತ್ತಿರುವ ಕರಡು ಅಧಿಸೂಚನೆಯ ಸಂಖ್ಯೆ, ದಿನಾಂಕ, ನೀವು ಯಾರು, ಎಷ್ಟು ಜನರ ಪರವಾಗಿ ಎಂಬುದು ಬರಬೇಕು. ಆಮೇಲೆ ಪ್ರತಿ ಕಲಂಗೂ ಒಂದೇ ಕ್ರಮ: ಈಗಿರುವ ಪಾಠ, ನೀವು ಸೂಚಿಸುವ ಪಾಠ, ಮೂರು ಸಾಲಿನ ಕಾರಣ, ಅನುಬಂಧದ ಪುಟ ಸಂಖ್ಯೆ. ಸೂಚಿಸುವ ಪಾಠವನ್ನು ಪೂರ್ತಿ ವಾಕ್ಯವಾಗಿಯೇ ಬರೆಯಿರಿ. ‘ಸೂಕ್ತವಾಗಿ ಬದಲಿಸಬೇಕು’ ಎಂದರೆ ಯಾರೂ ಬದಲಿಸುವುದಿಲ್ಲ. ಕನ್ನಡದ ಹಿರಿಮೆಯ ಎರಡು ಸಾವಿರ ವರ್ಷದ ಇತಿಹಾಸ ಇಲ್ಲಿ ಬೇಕಿಲ್ಲ. ಅಂತರರಾಷ್ಟ್ರೀಯ ಆಸರೆಗೆ ಒಂದು ವಾಕ್ಯ ಸಾಕು: ಸಾಂಸ್ಕೃತಿಕ ಅಭಿವ್ಯಕ್ತಿಗಳ ವೈವಿಧ್ಯ ಕುರಿತ ಯುನೆಸ್ಕೊದ 2005ರ ಒಪ್ಪಂದವನ್ನು ಭಾರತ 2006ರಲ್ಲೇ ಸ್ಥಿರೀಕರಿಸಿದೆ. ತನ್ನ ನೆಲದ ಕೃತಿಗಳಿಗೆ ಅವಕಾಶ ಕಲ್ಪಿಸುವ ನಿಯಮ ತರಲು ಅದು ಎಡೆ ಕೊಡುತ್ತದೆ.

ರಾಜ್ಯಕ್ಕೆ ಕನ್ನಡದಲ್ಲೇ ಬರೆಯಿರಿ, ಯೂನಿಕೋಡ್‌ನಲ್ಲಿ. ಹಳೆಯ ನುಡಿ ಅಕ್ಷರವಿನ್ಯಾಸದಲ್ಲಿ ಮಾಡಿದ ಪಿಡಿಎಫ್‌ನಿಂದ ನಕಲು ಮಾಡಿದರೆ ಚಿಹ್ನೆಗಳ ಕಲಸುಮೇಲೋಗರ ಬರುತ್ತದೆ. ನಿಮ್ಮ ವಾಕ್ಯವನ್ನು ಟಿಪ್ಪಣಿಗೆ ಎತ್ತಿಕೊಳ್ಳಬೇಕಾದ ಅಧಿಕಾರಿ ಅದನ್ನು ಮತ್ತೆ ಟೈಪ್ ಮಾಡುತ್ತಾ ಕೂರುವುದಿಲ್ಲ. ಕೇಂದ್ರಕ್ಕೂ ಕನ್ನಡದಲ್ಲಿ ಅಹವಾಲು ಕೊಡುವ ಹಕ್ಕು ಸಂವಿಧಾನದ 350ನೇ ವಿಧಿಯಲ್ಲಿದೆ. ಹಕ್ಕನ್ನು ಬಳಸಿ, ಜೊತೆಗೆ ಇಂಗ್ಲಿಷ್ ಪ್ರತಿಯನ್ನೂ ಲಗತ್ತಿಸಿ. ಸಾರಾಂಶ ಬರೆಯುವವರಿಗೆ ಕನ್ನಡ ಬಾರದಿದ್ದರೆ ನಷ್ಟ ನಮಗೇ.

ರಾಜ್ಯದ ಕರಡುಗಳು ಕರ್ನಾಟಕ ರಾಜ್ಯಪತ್ರದಲ್ಲಿ ಬರುತ್ತವೆ, ಆಕ್ಷೇಪಣೆ ಸಲ್ಲಿಸುವ ಅವಧಿ ಅಲ್ಲೇ ಅಚ್ಚಾಗಿರುತ್ತದೆ. ಅದು ಪ್ರಕಟವಾದ ದಿನದಿಂದ ಓಡುತ್ತದೆ, ನೀವು ಪತ್ರಿಕೆಯಲ್ಲಿ ಓದಿದ ದಿನದಿಂದಲ್ಲ. ಕೇಂದ್ರದ 2014ರ ಶಾಸನಪೂರ್ವ ಸಮಾಲೋಚನೆ ನೀತಿ ಕನಿಷ್ಠ 30 ದಿನ ಎನ್ನುತ್ತದೆ. ಪ್ರಸಾರ ಸೇವೆಗಳ ಮಸೂದೆಯ ಕರಡು 2023ರ ನವೆಂಬರ್ 10ರಂದು ಬಂದದ್ದು ಹೀಗೇ, ದೀಪಾವಳಿ ರಜೆಯ ಹೊಸ್ತಿಲಲ್ಲಿ. ಎಣಿಕೆಯನ್ನು ಕರಡು ಬರುವ ಮೊದಲೇ ಮುಗಿಸಿಟ್ಟುಕೊಂಡವರಿಗೆ ಮಾತ್ರ ಈ ಅವಧಿ ಸಾಲುತ್ತದೆ.

ಇಮೇಲ್ ಒಂದನ್ನೇ ನೆಚ್ಚಬೇಡಿ. ಸ್ಪೀಡ್ ಪೋಸ್ಟ್ ಮಾಡಿ, ಇಲ್ಲವೇ ಇಲಾಖೆಯ ಟಪಾಲು ಶಾಖೆಯಲ್ಲಿ ಕೊಟ್ಟು ನಿಮ್ಮ ಪ್ರತಿಯ ಮೇಲೆ ಮುದ್ರೆ, ದಿನಾಂಕ ಹಾಕಿಸಿಕೊಳ್ಳಿ. ಪ್ರತಿಗಳನ್ನು ಕನ್ನಡ ಅಭಿವೃದ್ಧಿ ಪ್ರಾಧಿಕಾರ, ಚಲನಚಿತ್ರ ಅಕಾಡೆಮಿ, ವಾಣಿಜ್ಯ ಮಂಡಳಿಗೂ ಕಳಿಸಿ. ನಿಮ್ಮ ಶಾಸಕರಿಗೆ ಇಡೀ ಅಹವಾಲು ಬೇಡ, ಸದನದಲ್ಲಿ ಕೇಳಬಹುದಾದ ಒಂದು ಪ್ರಶ್ನೆಯನ್ನು ಬರೆದುಕೊಡಿ.

ಅವಧಿ ಮುಗಿದು ಎರಡು ತಿಂಗಳಾದರೂ ಸದ್ದಿಲ್ಲವೆಂದರೆ ಮಾಹಿತಿ ಹಕ್ಕಿನಡಿ ಅರ್ಜಿ ಹಾಕಿ. ಶುಲ್ಕ 10 ರೂಪಾಯಿ. ಕರ್ನಾಟಕದ ನಿಯಮದಂತೆ ಒಂದು ಅರ್ಜಿಯಲ್ಲಿ ಒಂದೇ ವಿಷಯ, 150 ಪದಗಳೊಳಗೆ. ಇದನ್ನು ಮೀರಿದ ಅರ್ಜಿ ತಿರಸ್ಕೃತವಾಗಿ ಒಂದು ತಿಂಗಳು ವ್ಯರ್ಥವಾಗಬಹುದು. ‘ಏಕೆ ಕ್ರಮ ಕೈಗೊಂಡಿಲ್ಲ’ ಎಂದು ಕೇಳಬೇಡಿ, ಕಾರಣ ವಿವರಿಸುವುದು ಮಾಹಿತಿ ಅಧಿಕಾರಿಯ ಕೆಲಸವಲ್ಲ. ‘ಇಂಥ ಅಧಿಸೂಚನೆಗೆ ಬಂದ ಆಕ್ಷೇಪಣೆ, ಸಲಹೆಗಳ ಕ್ರೋಡೀಕೃತ ಪಟ್ಟಿ ಹಾಗೂ ಪ್ರತಿಯೊಂದರ ಮೇಲಿನ ಕಡತದ ಟಿಪ್ಪಣಿಯ ದೃಢೀಕೃತ ಪ್ರತಿ ಕೊಡಿ’ ಎಂದು ಕೇಳಿ. 30 ದಿನದಲ್ಲಿ ಉತ್ತರ ಬಾರದಿದ್ದರೆ ಮುಂದಿನ 30 ದಿನದೊಳಗೆ ಮೊದಲ ಮೇಲ್ಮನವಿ. ಟಿಪ್ಪಣಿಯ ಪ್ರತಿ ಕೈಗೆ ಬಂದಾಗ ನಿಮ್ಮ ಕಲಂನ ಎದುರು ‘ಪರಿಗಣಿಸಲು ಬರುವುದಿಲ್ಲ’ ಎಂದಿದ್ದರೆ ಅದರ ಪಕ್ಕದ ಕಾರಣವನ್ನು ಓದಿ. ಮುಂದಿನ ಕರಡಿಗೆ ನೀವು ಬರೆಯುವ ಅಹವಾಲಿನ ಮೊದಲ ಪ್ಯಾರಾ ಆ ಕಾರಣಕ್ಕೆ ಉತ್ತರವಾಗಿರಲಿ.